ಬ್ಯಾಟಿಂಗ್ ಅನ್ನು ಸುಟ್ಟು ನೋಡಿ, ಆಮೇಲೆ ಸೀರೆಗೆ ಕತ್ತರಿ ಹಾಕಿ

ರಾಯಚೂರಿನಂಥ ಬಿಸಿಲೂರಿನಲ್ಲಿ ಕೌದಿ ಹೊಲಿಯಲು ಹೊರಟವರು ಇದನ್ನು ಓದುತ್ತಿದ್ದರೆ, ಅಂಗಡಿಯಿಂದ ತಂದ ಬ್ಯಾಟಿಂಗ್ (ಕೌದಿಯ ಎರಡು ಬಟ್ಟೆಗಳ ನಡುವೆ ಹಾಕುವ ಮೆತ್ತನೆಯ ನಾರಿನ ಪದರ) ಸುರುಳಿಯನ್ನು ಬಿಚ್ಚುವ ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ತಿಳಿದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದುಕೊಂಡದ್ದು ಹಣ ಮಾತ್ರವಾಗಿದ್ದರೆ ಇಷ್ಟೆಲ್ಲ ಬರೆಯುತ್ತಿರಲಿಲ್ಲ. ತೀರಿಹೋದ ಅವ್ವನ ಎರಡು ಇಳಕಲ್ ಸೀರೆಗಳಿಗೆ ಕತ್ತರಿ ಹಾಕಿ, ಮೂರು ತಿಂಗಳು ಕೈಹೊಲಿಗೆಯಲ್ಲಿ ಕೂತು, ಮಗಳ ಮದುವೆಗೆಂದು ಸಿದ್ಧಪಡಿಸಿದ ಕೌದಿ ಮೊದಲ ಬೇಸಿಗೆಯಲ್ಲಿಯೇ ಯಾರೂ ಮೈಮೇಲೆ ಎಳೆದುಕೊಳ್ಳಲಾಗದ ವಸ್ತುವಾಯಿತು. ತಪ್ಪು ಸೀರೆಯದೂ ಅಲ್ಲ, ಹೊಲಿಗೆಯದೂ ಅಲ್ಲ. ಮೇಲುಬಟ್ಟೆ ಮತ್ತು ಅಡಿಬಟ್ಟೆಯ ನಡುವೆ ಕಣ್ಣಿಗೆ ಕಾಣದಂತೆ ಕುಳಿತಿದ್ದ ಪದರದ್ದು.

ನಮ್ಮ ಕಡೆಯ ಹಳೆಯ ಕೌದಿಗೆ ಬ್ಯಾಟಿಂಗ್ ಎಂಬುದೇ ಇರಲಿಲ್ಲ. ಉಟ್ಟು ಒಗೆದು ಮೆತ್ತಗಾದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಹೊಲಿಗೆ ಹಾಕಿದರೆ ಕೌದಿ ಮುಗಿಯುತ್ತಿತ್ತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹೀಗೆಯೇ ಹಳೆಯ ಬಟ್ಟೆಯ ಪದರಗಳಿಂದಲೇ ಆಗುತ್ತದೆ. ಅವರು ಅಂಚಿನಿಂದ ಆರಂಭಿಸಿ ಒಳಮುಖವಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಬಡತನದಿಂದಾಗಿ ಹಾಗೆ ಮಾಡುತ್ತಿದ್ದರು, ನಾವು ಕೊಂಡು ತರಬಲ್ಲೆವಾದ್ದರಿಂದ ಒಳಗೆ ಮೆತ್ತನೆಯದೊಂದನ್ನು ತುಂಬಿದರೆ ಕೌದಿ ಇನ್ನೂ ಚೆನ್ನಾಗಿ ಉಬ್ಬಿ ಕಾಣುತ್ತದೆ ಎಂದು ನಾನು ಭಾವಿಸಿದ್ದೆ. ಚಳಿದೇಶದವರು ಹೊಲಿಯುವ ಕ್ವಿಲ್ಟ್‌ಗಳ ಚಿತ್ರಗಳನ್ನು ನೋಡಿ ಹುಟ್ಟಿದ ಆಸೆ ಅದು. ಆ ಉಬ್ಬು ಅಲ್ಲಿನ ಹಿಮಕ್ಕೆ ಬೇಕಾದದ್ದು ಎಂಬ ವಿಚಾರ ನನಗೆ ಬರಲಿಲ್ಲ.

ಬೆಂಗಳೂರಿನ ಅಂಗಡಿಯೊಂದರಲ್ಲಿ "ಕಾಟನ್ ಬ್ಯಾಟಿಂಗ್ ಕೊಡಿ" ಎಂದು ಕೇಳಿದೆ. ಬಿಳಿಯ ಸುರುಳಿಯೊಂದನ್ನು ತೋರಿಸಿ, ಇದು ಕಾಟನ್, 200 ಜಿಎಸ್‌ಎಂ, ಒಳ್ಳೆಯ ಮಾಲು ಎಂದರು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ನನ್ನ ಕೌದಿ 60 ಇಂಚು ಅಗಲ, 90 ಇಂಚು ಉದ್ದ, ಅಂದರೆ ಸುಮಾರು ಮೂರೂವರೆ ಚದರ ಮೀಟರ್. ನಡುಪದರವೊಂದೇ 700 ಗ್ರಾಂ ಆಗುತ್ತದೆಂದು ಅಲ್ಲಿಯೇ ಗುಣಿಸಿ ನೋಡಿದ್ದರೆ ಸಾಕಿತ್ತು. ಬಿಲ್ಲಿನಲ್ಲಿ "ಕಾಟನ್" ಎಂಬ ಪದವೇ ಇರಲಿಲ್ಲ, "ನಾನ್ ವೋವನ್ ವಾಡಿಂಗ್", ಅಂದರೆ ನೇಯದೆ ಮಾಡಿದ ನಾರಿನ ಪದರ, ಎಂದಷ್ಟೇ ಬರೆದಿತ್ತು. ಅದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಬಾಯಲ್ಲಿ ಹೇಳಿದ ಹೆಸರು ಬೇರೆ, ಬಿಲ್ಲಿನಲ್ಲಿ ಬರೆದದ್ದು ಬೇರೆ ಆಗಿದ್ದರೆ ದಯವಿಟ್ಟು ಅಲ್ಲಿಯೇ ನಿಲ್ಲಿಸಿ ಕೇಳಿರಿ.

ಹೊಲಿಯುವಾಗಲೇ ಎರಡು ಸೂಚನೆಗಳು ಸಿಕ್ಕಿದ್ದವು, ಎರಡನ್ನೂ ನಾನು ಗಮನಕ್ಕೆ ತಂದುಕೊಳ್ಳಲಿಲ್ಲ. ದಪ್ಪ ದಾರದ ಪ್ರತಿ ಹೊಲಿಗೆಯ ಬುಡದಲ್ಲಿ ಕೂದಲೆಳೆಯಂಥ ಬಿಳಿಯ ನಾರು ಹೊರಗೆ ಇಣುಕುತ್ತಿತ್ತು. ಕಡುಗೆಂಪು ಇಳಕಲ್ ಸೀರೆಯ ಮೇಲೆ ಅದು ಬೂದಿ ಉದುರಿದಂತೆ ಕಾಣುತ್ತಿತ್ತು, ಕಿತ್ತಷ್ಟೂ ಮತ್ತೆ ಬರುತ್ತಿತ್ತು. ನುಣುಪಾದ ಪಾಲಿಯೆಸ್ಟರ್ ನಾರು ಸಡಿಲ ನೇಯ್ಗೆಯ ಹಳೆಯ ಬಟ್ಟೆಯೊಳಗಿಂದ ಹೀಗೆ ನುಸುಳಿ ಹೊರಬರುವುದು ಸಾಮಾನ್ಯವೆಂದು ಈಗ ನನಗೆ ತಿಳಿದಿದೆ. ಎರಡನೆಯದು ಇಸ್ತ್ರಿ. ಸೀರೆ ಹತ್ತಿಯದೆಂದು ಹತ್ತಿಗೆ ಇಡುವ ಶಾಖದಲ್ಲಿಯೇ ಒತ್ತಿದೆ. ಇಸ್ತ್ರಿಪೆಟ್ಟಿಗೆ ಕೂತಲ್ಲೆಲ್ಲ ಉಬ್ಬು ಇಳಿದು, ಒಳಗೆ ರಟ್ಟಿನ ತುಂಡು ಇಟ್ಟಂತೆ ಗಡುಸಾದ ಚಪ್ಪಟೆ ಗುರುತುಗಳು ಉಳಿದವು. ಪಾಲಿಯೆಸ್ಟರ್ ಕರಗುವುದು ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿಯಾದರೂ, ಅದಕ್ಕಿಂತ ಕಡಿಮೆ ಶಾಖದಲ್ಲಿಯೇ ಅದು ಮೆತ್ತಗಾಗಿ ಒತ್ತಿದ ಆಕಾರಕ್ಕೆ ಕೂತುಬಿಡುತ್ತದೆ. ಹತ್ತಿಯಾಗಿದ್ದರೆ ಆ ಶಾಖಕ್ಕೆ ಏನೂ ಆಗುತ್ತಿರಲಿಲ್ಲ.

ಮದುವೆ ಡಿಸೆಂಬರಿನಲ್ಲಿ ಆಯಿತು. ಚಳಿಗಾಲದಲ್ಲಿ ಕೌದಿಯ ಬಗ್ಗೆ ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ಏಪ್ರಿಲ್ ತಿಂಗಳಲ್ಲಿ ಮಗಳು ಮನೆಗೆ ಬಂದಾಗ ಅದನ್ನೂ ತಂದಿದ್ದಳು, ನಾನೂ ಅವಳೂ ಮಾಳಿಗೆಯ ಮೇಲೆ ಮಲಗಿದೆವು. ನಮ್ಮಲ್ಲಿ ಹಗಲು 40 ಡಿಗ್ರಿ ದಾಟಿದ ದಿನಗಳಲ್ಲಿ ಮಾಳಿಗೆಯ ಕಲ್ಲು ನಡುರಾತ್ರಿಯವರೆಗೂ ಬಿಸಿಯಾಗಿರುತ್ತದೆ, ಬೆಳಗಿನ ಜಾವಕ್ಕೆ ಮಾತ್ರ ಸಣ್ಣಗೆ ಗಾಳಿ ಬೀಸುತ್ತದೆ. ತೆಳ್ಳನೆಯ ಕೌದಿ ಬೇಕಾಗುವುದು ಆ ಎರಡು ತಾಸಿಗೆ. ಅಂದು ಅದನ್ನು ಹೊದ್ದ ಹತ್ತು ನಿಮಿಷಕ್ಕೆ ಕುತ್ತಿಗೆಯ ಹಿಂದೆ, ಮೊಣಕಾಲಿನ ಹಿಂದೆ ಬೆವರು ಒಸರಿತು. ತೆಗೆದರೆ ಗಾಳಿಗೆ ಮೈ ನಡುಗುತ್ತಿತ್ತು, ಹೊದ್ದರೆ ಮೈಗೆ ಪ್ಲಾಸ್ಟಿಕ್ ಚೀಲ ಸುತ್ತಿದಂತಾಗುತ್ತಿತ್ತು. ಮಗಳು ಏನೂ ಹೇಳದೆ ಅದನ್ನು ಮಡಚಿ ತಲೆಯ ಕೆಳಗೆ ಇಟ್ಟುಕೊಂಡಳು. ನಾಲ್ಕನೆಯ ದಿನಕ್ಕೆ ಅವಳ ಬೆನ್ನಿನ ತುಂಬ ಬೆವರುಸಾಲೆ ಎದ್ದಿತ್ತು.

ಹೊದಿಕೆಯ ಬೆಚ್ಚಗೆ ಬರುವುದು ನಾರಿನ ನಡುವೆ ಸಿಕ್ಕಿಹಾಕಿಕೊಂಡ, ಅಲುಗಾಡದ ಗಾಳಿಯಿಂದ. ಪದರ ಉಬ್ಬಿದಷ್ಟೂ ಗಾಳಿ ಹೆಚ್ಚು ಸಿಕ್ಕಿಕೊಳ್ಳುತ್ತದೆ, ಮೈಯ ಬಿಸಿ ಹೊರಹೋಗಲು ದಾರಿ ಸಿಗುವುದಿಲ್ಲ. ಪಾಲಿಯೆಸ್ಟರ್ ನಾರು ಸ್ಪ್ರಿಂಗಿನಂತೆ ಉಬ್ಬಿಯೇ ಇರುತ್ತದೆ, ಆ ಗುಣಕ್ಕಾಗಿಯೇ ಚಳಿನಾಡಿನಲ್ಲಿ ಅದಕ್ಕೆ ಬೆಲೆ. ಬೆವರಿನ ವಿಚಾರದಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು. ಸಾಧಾರಣ ತೇವಾಂಶದ ಗಾಳಿಯಲ್ಲಿ ಹತ್ತಿಯ ನಾರು ತನ್ನ ತೂಕದ ಸುಮಾರು ನೂರಕ್ಕೆ ಎಂಟರಷ್ಟು ತೇವವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಹತ್ತಿಯ ಪದರವಿದ್ದರೆ ಮೈಯಿಂದ ಎದ್ದ ಆವಿಯನ್ನು ಅದು ಹೀರಿ ನಿಧಾನವಾಗಿ ಹೊರಗೆ ಬಿಡುತ್ತದೆ, ಇಲ್ಲದಿದ್ದರೆ ಆ ಆವಿ ಚರ್ಮ ಮತ್ತು ಬಟ್ಟೆಯ ನಡುವೆಯೇ ನಿಂತು ಬೆವರಾಗಿ ಇಳಿಯುತ್ತದೆ. ಮೇಲೂ ಕೆಳಗೂ ಅಪ್ಪಟ ಹತ್ತಿಯ ಬಟ್ಟೆ ಇದ್ದೂ ನಮಗೆ ಉಸಿರುಗಟ್ಟಿದ್ದು ಇದರಿಂದ.

ಸಂಶಯ ಬಗೆಹರಿಸಿದವರು ನಮ್ಮ ಓಣಿಗೆ ಕೌದಿ ಹೊಲಿಯಲು ಬರುವ ಹಿರಿಯ ಹೆಂಗಸು. ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದವರೇ, "ಇದು ಹತ್ತಿ ಅಲ್ರಿ ಅಕ್ಕಾರ, ಬೇಕಾದ್ರ ಸುಟ್ಟು ನೋಡ್ರಿ" ಎಂದರು. ಮೂಲೆ ಬಿಚ್ಚಿ ಒಂದು ಚಿಟಿಕೆ ನಾರು ತೆಗೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ದೀಪದ ಕುಡಿಗೆ ಒಡ್ಡಿದೆವು. ಹತ್ತಿಯಾಗಿದ್ದರೆ ಹತ್ತಿಕೊಂಡು ಉರಿದು, ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯಬೇಕು. ಇದು ಉರಿಗೆ ಮುಟ್ಟುವ ಮೊದಲೇ ಹಿಂದಕ್ಕೆ ಮುದುಡಿ, ಕಪ್ಪು ಹೊಗೆ ಬಿಟ್ಟು, ಹನಿಯಾಗಿ ತಟ್ಟೆಗೆ ಬಿದ್ದು, ಆರಿದ ಮೇಲೆ ಸಾಸಿವೆ ಕಾಳಿನಷ್ಟು ಗಟ್ಟಿಯಾದ ಕರಿಯ ಮಣಿಯಾಯಿತು. ಎರಡು ನಾರು ಬೆರೆತ ಮಾಲಾದರೆ ಬೂದಿಯೂ ಮಣಿಯೂ ಒಟ್ಟಿಗೆ ಸಿಗುತ್ತವೆ. ಕರಗಿದ ಹನಿ ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಸುಡುತ್ತದೆ, ಆದ್ದರಿಂದ ಈ ಪರೀಕ್ಷೆಯನ್ನು ಬರಿಗೈಯಲ್ಲಿ ಹಿಡಿದು ಮಾಡಬಾರದು, ಮಕ್ಕಳ ಕೈಗಂತೂ ಕೊಡಲೇಬಾರದು.

ನೀರಿನ ಹನಿ ಹಾಕಿ ನೋಡಿ, ಹೀರಿದರೆ ಹತ್ತಿ ಎಂದು ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಬಿಳುಪು ಮಾಡದ ಹಸಿ ಹತ್ತಿಯ ನಾರಿನ ಮೇಲೆ ಸಹಜವಾದ ಮೇಣದ ಲೇಪ ಇರುವುದರಿಂದ ಅದರ ಮೇಲೂ ಹನಿ ಮುತ್ತಿನಂತೆ ನಿಲ್ಲುತ್ತದೆ. ಒಳ್ಳೆಯ ಹತ್ತಿಯನ್ನೇ ಕೈಬಿಟ್ಟು ಬರುವ ಅಪಾಯವಿದೆ.

ಹಾಗಾದರೆ ಏನು ಹಾಕಬೇಕು? ನಮ್ಮಂಥ ಒಣ ಬಿಸಿಲಿನ ಊರಿಗೆ, ರಾಯಚೂರು, ಕಲಬುರಗಿ, ಬಳ್ಳಾರಿ ಎಲ್ಲವೂ ಸೇರಿ, ನನ್ನ ದೃಢವಾದ ಅಭಿಪ್ರಾಯವೆಂದರೆ ಒಗೆದು ಮೆತ್ತಗಾದ ಮಲ್ ಬಟ್ಟೆ (ತೆಳ್ಳನೆಯ ಹತ್ತಿಯ ಬಟ್ಟೆ) ಅಥವಾ ಹಳೆಯ ಧೋತರದ ಒಂದೇ ಪದರ. ಸ್ವಲ್ಪ ಉಬ್ಬು ಬೇಕೇ ಬೇಕು ಎನ್ನುವವರು 80ರಿಂದ 100 ಜಿಎಸ್‌ಎಂ ಒಳಗಿನ ಅಪ್ಪಟ ಹತ್ತಿಯ ಬ್ಯಾಟಿಂಗ್ ತೆಗೆದುಕೊಳ್ಳಬಹುದು, ಅದಕ್ಕಿಂತ ಮೇಲೆ ಹೋಗುವುದು ಬೇಡ. ಹಿಂಜಿದ ಹತ್ತಿಯನ್ನು ತೆಳ್ಳಗೆ ಹರವಿ ಹೊಲಿಯುವುದಾದರೆ ಹೊಲಿಗೆಯ ಸಾಲುಗಳು ಎರಡು ಇಂಚಿಗಿಂತ ದೂರ ಇರಬಾರದು, ಇಲ್ಲವಾದರೆ ಒಂದೆರಡು ಒಗೆತಕ್ಕೆ ಹತ್ತಿ ಮೂಲೆಗೆ ಸರಿದು ಗಂಟುಗಟ್ಟುತ್ತದೆ. ಸೂಜಿಗಳಿಂದ ಚುಚ್ಚಿ ಹಾಳೆಯಂತೆ ಮಾಡಿದ ಬ್ಯಾಟಿಂಗಿಗೆ ಈ ತೊಂದರೆ ಕಡಿಮೆ. ಆದರೆ ಅದರಲ್ಲಿ ತೆಳುವಾದ ಪ್ಲಾಸ್ಟಿಕ್ ನಾರಿನ ಜಾಳಿಗೆ ಇದ್ದರೆ ಕೈಸೂಜಿ ಸಲೀಸಾಗಿ ಓಡುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಬಿದಿರಿನದು, ತಂಪು ಕೊಡುತ್ತದೆ ಎಂದು ಹೆಚ್ಚಿನ ಬೆಲೆಗೆ ಮಾರುವ ಬ್ಯಾಟಿಂಗ್ ಸಾಮಾನ್ಯವಾಗಿ ಬಿದಿರಿನ ತಿರುಳಿನಿಂದ ತೆಗೆದ ವಿಸ್ಕೋಸ್ ನಾರು, ಅನೇಕ ವೇಳೆ ಹತ್ತಿಯ ಜೊತೆ ಬೆರೆಸಿದ್ದು. ಕೆಟ್ಟದ್ದೇನಲ್ಲ, ತೇವವನ್ನೂ ಚೆನ್ನಾಗಿ ಹೀರುತ್ತದೆ; ಆದರೆ ಅದೂ ದಪ್ಪವಾಗಿದ್ದರೆ ಬೇಯಿಸುವುದೇ.

ಕರಾವಳಿಯವರ ಕಷ್ಟ ಬೇರೆ. ಮಂಗಳೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ದಪ್ಪ ಹತ್ತಿಯ ರಜಾಯಿ ಮಳೆಗಾಲದಲ್ಲಿ ತೇವ ಹಿಡಿದು, ಒಣಗದೆ, ಬೂಷ್ಟಿನ ವಾಸನೆ ಹಿಡಿಯಿತು. ಅಲ್ಲಿಗೂ ತೆಳ್ಳನೆಯ ಬಟ್ಟೆಯ ಪದರವೇ ಸರಿ, ಬೇಗ ಒಣಗುತ್ತದೆ. ಕೊಡಗಿನವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಇನ್ನೊಂದು ಮಾತು ಕುಗ್ಗುವಿಕೆಯ ಬಗ್ಗೆ. ಹೊಸ ಹತ್ತಿ ಬ್ಯಾಟಿಂಗ್ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದುಂಟು. 90 ಇಂಚಿನ ಕೌದಿಯಲ್ಲಿ ಅದು ಮೂರ್ನಾಲ್ಕು ಇಂಚು. ಹಳೆಯ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ನಡುಪದರ ಮಾತ್ರ ಎಳೆದುಕೊಂಡರೆ ಮೇಲೆಲ್ಲ ಸುಕ್ಕು ಬೀಳುತ್ತದೆ. ಹಾಳೆಯಾಗಿರುವ ಬ್ಯಾಟಿಂಗ್ ಆದರೆ ಮೊದಲೇ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ನೆಲದ ಮೇಲೆ ಹರಡಿ ಒಣಗಿಸಿ ಬಳಸಿರಿ. ಹಿಂಜಿದ ಹತ್ತಿಗೆ ಮಾತ್ರ ಇದನ್ನು ಮಾಡಬೇಡಿ.

ನಮ್ಮ ಕೌದಿಯನ್ನು ಬಿಚ್ಚಲು ಹದಿನೆಂಟು ದಿನ ಹಿಡಿಯಿತು. ಮಗಳು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಒಂದೊಂದೇ ದಾರ ಕತ್ತರಿಸಿ ಎಳೆದೆವು. ಇಸ್ತ್ರಿಯ ಶಾಖಕ್ಕೆ ಒಳಗಿನ ನಾರು ಅಂಟಿಕೊಂಡಿದ್ದ ನಾಲ್ಕು ಕಡೆ ಸೀರೆಯ ಬಟ್ಟೆಯೂ ಹರಿಯಿತು, ಅಲ್ಲಿ ಅವ್ವನ ಕುಪ್ಪಸದ ಖಣದಿಂದ ತೇಪೆ ಹಾಕಿದೆ. ನಡುವೆ ಅಪ್ಪನ ಧೋತರವನ್ನು ಹಾಸಿದೆವು. ಅಡಿಗೆಮನೆಯ ತಕ್ಕಡಿಯಲ್ಲಿ ಅದು ಕಾಲು ಕಿಲೋ ತೂಗಿತು. ಈ ಸಲ ಹೊಲಿಗೆ ಹಾಕಿದವರು ಆ ಹಿರಿಯ ಹೆಂಗಸೇ, ನಾನು ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಟ್ಟೆ. ಮೇ ತಿಂಗಳ ಕೊನೆಯಲ್ಲಿ ಮಗಳು ಅದನ್ನು ಹೊದ್ದು ಬೆಳಗಿನವರೆಗೆ ಮಲಗಿದಳು. ಹಳೆಯ ಹೊಲಿಗೆಯ ತೂತುಗಳು ಇಳಕಲ್ ಸೀರೆಯ ಅಂಚಿನುದ್ದಕ್ಕೂ ಹಾಗೆಯೇ ಉಳಿದಿವೆ. ಕೌದಿಯನ್ನು ಒಣಹಾಕಿದಾಗ ಬಿಸಿಲು ಅವುಗಳಲ್ಲಿ ಹಾಯ್ದು ನೆಲದ ಮೇಲೆ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ.