ಬಾಲ್ಕನಿ ಚೀಲ, ದೀಪದ ಟ್ರೇ, ನೀರಿನ ಡಬ್ಬಿ: ಫ್ಲ್ಯಾಟ್‌ನಲ್ಲಿ ಯಾವ ತರಕಾರಿಗೆ ಯಾವುದು?

ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ತರಕಾರಿ ಬೆಳೆಯಲು ಮೂರು ದಾರಿಗಳಿವೆ. ಬಾಲ್ಕನಿಯಲ್ಲಿ ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಚೀಲ ಇಡಬಹುದು. ಮನೆಯೊಳಗೆ ಎಲ್‌ಇಡಿ ದೀಪದ ಕೆಳಗೆ ಟ್ರೇಗಳಲ್ಲಿ ಬೆಳೆಯಬಹುದು. ಮಣ್ಣೇ ಇಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೂ ಬೆಳೆಯಬಹುದು. ಮೂರನ್ನೂ ಒಂದೇ ಮನೆಯಲ್ಲಿ ಮಾಡಿ ನೋಡಿದ್ದೇನೆ. ಒಂದೇ ಪೊಟ್ಟಣದ ಬೀಜವನ್ನು ಮೂರು ಕಡೆಗೂ ಹಂಚಿ ಹಾಕಿದ್ದೇನೆ. ಕೊತ್ತಂಬರಿ, ಮೆಂತ್ಯ, ಪಾಲಕ್, ಹಸಿಮೆಣಸಿನಕಾಯಿ, ಟೊಮೇಟೊ ಎಲ್ಲಕ್ಕೂ ಒಂದೇ ಜಾಗ ಒಗ್ಗುವುದಿಲ್ಲ.

ಮೊದಲು ಬಾಲ್ಕನಿ. ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ದಿಕ್ಕು. ನಮ್ಮದು ದಕ್ಷಿಣಕ್ಕಿದೆ. "ದಕ್ಷಿಣದ ಬಾಲ್ಕನಿಗೆ ಬಿಸಿಲು ಚೆನ್ನಾಗಿ ಬರುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ವರ್ಷದ ಮಟ್ಟಿಗೆ ನಿಜ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಮೇಲಿನ ಮನೆಯ ಸ್ಲ್ಯಾಬ್ ಅಡ್ಡ ಇದ್ದರಂತೂ ಆ ತಿಂಗಳುಗಳಲ್ಲಿ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ಬೀಳುವುದಿಲ್ಲ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಬಿಸಿಲು ಓರೆಯಾಗಿ ಒಳಗೋಡೆಯವರೆಗೂ ಬರುತ್ತದೆ. ಉತ್ತರಕ್ಕೆ ಬಾಲ್ಕನಿ ಇರುವವರಿಗೆ ಇದರ ತದ್ವಿರುದ್ಧ. ಅವರಿಗೆ ಮೇ, ಜೂನ್‌ನಲ್ಲಿ ಸ್ವಲ್ಪ ಬಿಸಿಲು ಸಿಗುತ್ತದೆ. ಉಳಿದ ಕಾಲಕ್ಕೆ ನೆರಳು ಸಹಿಸುವ ಪುದೀನ, ಒಂದೆಲಗ ಇವೇ ಗತಿ. ನನ್ನ ಪ್ರಕಾರ ಅದೂ ಒಳ್ಳೆಯದೇ, ಒಂದೆಲಗದ ತಂಬುಳಿಗೆ ದುಡ್ಡು ಕೊಡುವುದು ತಪ್ಪುತ್ತದೆ.

ಟೊಮೇಟೊ, ಮೆಣಸಿನಕಾಯಿ, ಬದನೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಆದ್ದರಿಂದ ದಕ್ಷಿಣದ ಬಾಲ್ಕನಿಯವರು ಆಗಸ್ಟ್‌ನಲ್ಲಿ ಬೀಜ ಹಾಕಿ, ಸೆಪ್ಟೆಂಬರ್‌ನಲ್ಲಿ ಸಸಿ ನೆಟ್ಟರೆ ಲೆಕ್ಕ ಸರಿಹೋಗುತ್ತದೆ. ಟೊಮೇಟೊದಲ್ಲಿ ನನಗೆ ಹಿಡಿಸಿದ್ದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ ಅದು. ಆದರೂ ಬಾಲ್ಕನಿಗೆ ಮೆಣಸಿನ ಗಿಡವೇ ಮೇಲು. 12 ಇಂಚಿನ ಚೀಲ ಸಾಕು, ಆಸರೆ ಕೋಲು ಬೇಕಿಲ್ಲ, ದಿನದ ಒಗ್ಗರಣೆಗೆ ಬೇಕಾದಷ್ಟು ಕಾಯಿ ಕೈಗೆ ಸಿಗುತ್ತದೆ. ಎಲೆಯನ್ನು ಮಾತ್ರ ದಿನಾ ಗಮನಿಸಬೇಕು. ಅಂಚು ಮೇಲಕ್ಕೆ ಮುದುರಿ ದೋಣಿ ಥರ ಆದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮುದುರಿದರೆ ಮೈಟ್ ನುಸಿ. ಎರಡಕ್ಕೂ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಸೇರಿಸಿ ಎಲೆಯ ಅಡಿಗೆ ತಾಗುವಂತೆ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಶುರುವಿನಲ್ಲೇ ಮಾಡಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಚೀಲಕ್ಕೆ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಪಾಲು. ಕೋಕೋಪೀಟ್‌ನಲ್ಲಿ ಉಪ್ಪಿನ ಅಂಶ ಇರಬಹುದು, ನೆನೆಸಿ ಆ ನೀರು ಚೆಲ್ಲಿ ಹಿಂಡಿಯೇ ಬಳಸಬೇಕು. ಮಣ್ಣಿನ ಕುಂಡ ನೋಡಲು ಚೆಂದ. ಆದರೆ ಬೋರ್‌ವೆಲ್ ನೀರು ಹಾಕುವ ಮನೆಯಲ್ಲಿ ಅದರ ಮೈಯೆಲ್ಲ ಬಿಳಿ ಉಪ್ಪು ಕಟ್ಟುತ್ತದೆ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಭಾರವೂ ಜಾಸ್ತಿ. ಚೀಲವೇ ವಾಸಿ. ಅಡಿಗೊಂದು ತಟ್ಟೆ ಮಾತ್ರ ಇರಲಿ. ಇಲ್ಲದಿದ್ದರೆ ಕೆಂಪು ನೀರು ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಗೆ ತೊಟ್ಟಿಕ್ಕುತ್ತದೆ, ಅಲ್ವಾ.

ಇನ್ನು ಮನೆಯೊಳಗಿನ ದೀಪ. ಇದಕ್ಕೆ ನೇರಳೆ ಬಣ್ಣದ ಗ್ರೋ ಲೈಟ್ ಬೇಕಿಲ್ಲ. ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ಲೈಟೇ ಸೊಪ್ಪಿಗೆ ಸಾಕು. ನೇರಳೆ ಬೆಳಕಿನಲ್ಲಿ ಎಲೆ ಹಳದಿ ಆಗಿದೆಯಾ, ಹುಳ ಬಿದ್ದಿದೆಯಾ ಅಂತ ಕಣ್ಣಿಗೆ ಕಾಣುವುದೂ ಇಲ್ಲ. 20 ವ್ಯಾಟ್‌ನ ಟ್ಯೂಬ್ ದಿನಕ್ಕೆ 14 ಗಂಟೆ ಉರಿದರೆ ತಿಂಗಳಿಗೆ ಎಂಟೂವರೆ ಯೂನಿಟ್ ಆಗುತ್ತದೆ, ಅಷ್ಟೇ. ಟ್ಯೂಬನ್ನು ಸೊಪ್ಪಿನ ತುದಿಯಿಂದ ಒಂದು ಗೇಣಿಗಿಂತ ಮೇಲೆ ಕಟ್ಟಬಾರದು.

ದೀಪದ ಗುಣ ಕೊತ್ತಂಬರಿಯಲ್ಲಿ ಚೆನ್ನಾಗಿ ಕಾಣುತ್ತದೆ. ಧನಿಯಾದ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಹಗುರವಾಗಿ ಉಜ್ಜಿ ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಹಾಕಿದರೆ ಎಂಟರಿಂದ ಹನ್ನೆರಡು ದಿನದೊಳಗೆ ಮೊಳಕೆ ಬರುತ್ತದೆ. ಮೊದಲು ಬರುವ ಎರಡು ಎಲೆ ಉದ್ದಕ್ಕೆ, ನುಣ್ಣಗೆ ಇರುತ್ತವೆ, ಕೊತ್ತಂಬರಿ ಅಂತ ಗುರುತೇ ಸಿಗುವುದಿಲ್ಲ. ಮೂರನೆಯ ಎಲೆಗೆ ಕಚ್ಚು ಬಂದು, ಮುಟ್ಟಿದರೆ ಘಮ ಏಳುತ್ತದೆ. ಆ ಹೊತ್ತಿಗೆ ಕಿಟಕಿ ಪಕ್ಕದ ಟ್ರೇಯಲ್ಲಿ ಕಾಂಡ ನೂಲಿನ ಹಾಗೆ ಉದ್ದಕ್ಕೆ ಬೆಳೆದು ಗಾಜಿನ ಕಡೆ ವಾಲಿರುತ್ತದೆ. ಟ್ಯೂಬಿನ ಕೆಳಗಿನ ಟ್ರೇಯಲ್ಲಿ ಅದೇ ಬೀಜದ ಗಿಡ ಗಿಡ್ಡಗೆ, ದಪ್ಪ ಕಾಂಡದಲ್ಲಿ ನೆಟ್ಟಗೆ ನಿಂತಿರುತ್ತದೆ. ಬೇಸಿಗೆಯಲ್ಲಿ ಬಾಲ್ಕನಿಯ ಕೊತ್ತಂಬರಿ ಸೆಕೆಗೆ ಬೇಗ ಹೂ ಬಿಟ್ಟು ಎಲೆ ಸಣ್ಣಗಾಗುತ್ತದೆ. ಹಾಗಾಗಿ ಕೊತ್ತಂಬರಿಗೆ, ಮೂರು ವಾರದಲ್ಲಿ ಕೀಳಬಹುದಾದ ಮೆಂತ್ಯಕ್ಕೆ, ನನ್ನ ಮತ ದೀಪಕ್ಕೇ. ಒಳಗಿನ ತೊಂದರೆ ಒಂದೇ, ಗಿಡಹೇನು. ಹೊರಗೆ ಅವನ್ನು ತಿನ್ನಲು ಗುಲಗಂಜಿ ಹುಳು ಬರುತ್ತದೆ. ಒಳಗೆ ನಾವೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಕೊನೆಯದು ನೀರಿನ ಡಬ್ಬಿ. ಪಂಪ್ ಇರುವ ಪೈಪಿನ ವ್ಯವಸ್ಥೆಗೆ ನಾನು ಹೋಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಹೋದರೆ ಬೇರು ಒಣಗುತ್ತದೆ. ಮುಚ್ಚಳದ ಡಬ್ಬಿಯಲ್ಲಿ ನೀರು ತುಂಬಿ, ಜಾಲರಿ ಬಟ್ಟಲಲ್ಲಿ ಸಸಿ ಕೂರಿಸಿ ಬಿಡುವ ವಿಧಾನ ಸುಲಭ. ಗಿಡ ನೀರು ಕುಡಿದ ಹಾಗೆ ಮಟ್ಟ ಇಳಿಯುತ್ತದೆ, ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಗೊಬ್ಬರ ಎ, ಬಿ ಎಂದು ಎರಡು ಭಾಗವಾಗಿ ಬರುತ್ತದೆ. ಗಟ್ಟಿ ದ್ರಾವಣದಲ್ಲಿ ಎರಡನ್ನೂ ಕೂಡಿಸಬಾರದು, ಕ್ಯಾಲ್ಸಿಯಂ ಗಸಿಯಾಗಿ ತಳ ಸೇರುತ್ತದೆ. ಒಂದನ್ನು ಪೂರ್ತಿ ನೀರಿಗೆ ಕಲಸಿದ ಮೇಲೆ ಇನ್ನೊಂದನ್ನು ಹಾಕಬೇಕು. ಲೆಟ್ಯೂಸ್, ಪಾಲಕ್ ಇದರಲ್ಲಿ ಸೊಗಸಾಗಿ ಬರುತ್ತವೆ. ಮಣ್ಣು ಮೆತ್ತದ ಎಲೆ, ಒಂದೇ ಸಲ ತೊಳೆದರೆ ಸಾಕು. ಆದರೆ ಬೆಳಕು ಒಳಹೋಗುವ ಡಬ್ಬಿಯಾದರೆ ಪಾಚಿ ಕಟ್ಟುತ್ತದೆ. ಬಟ್ಟಲಿನ ಸುತ್ತ ಸಂದಿ ಉಳಿದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ ಕಾಡುವ ಊರಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೋರ್‌ವೆಲ್‌ನ ಗಡಸು ನೀರಾದರೆ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆಯನ್ನು 5.5ರಿಂದ 6.5ರ ನಡುವೆ ಹಿಡಿದಿಡುವುದೇ ಒಂದು ಕೆಲಸ. ಲೆಟ್ಯೂಸ್ ತಿನ್ನುವ ಮನೆಗೆ ಇದು ಸರಿ. ನಮ್ಮಂಥ ಸೊಪ್ಪುಸಾರಿನ ಮನೆಗೆ ಅಷ್ಟು ಉಸಾಬರಿ ಬೇಡ ಅನ್ನಿಸಿತು.

ದುಡ್ಡು ಒಂದಕ್ಕೇ ಹಾಕುವುದಾದರೆ ಮೊದಲು ಟ್ಯೂಬ್ ಲೈಟ್ ತನ್ನಿ. ಅದು ಬಾಲ್ಕನಿಗೂ ಉಪಯೋಗಕ್ಕೆ ಬರುತ್ತದೆ. ಆಗಸ್ಟ್‌ನ ಮೋಡದಲ್ಲಿ ಹೊರಗೆ ಸೊರಗುವ ಮೆಣಸಿನ ಸಸಿ ದೀಪದ ಕೆಳಗೆ ಗಟ್ಟಿಯಾಗಿ ಬೆಳೆಯುತ್ತದೆ. ಆರೆಲೆ ಬಂದ ಮೇಲೆ ಹೊರಗೆ ಸಾಗಿಸಿ. ಮೊದಲ ಒಂದು ವಾರ ನೆರಳಲ್ಲಿಟ್ಟು, ಬೆಳಗಿನ ಬಿಸಿಲನ್ನು ದಿನಕ್ಕೊಂದಿಷ್ಟು ಹೆಚ್ಚಿಸಿ, ಆಮೇಲೆ ಚೀಲಕ್ಕೆ ನೆಡಿ. ದೀಪದಿಂದ ನೇರ ಬಿಸಿಲಿಗೆ ಇಟ್ಟರೆ ಎಲೆ ಬಿಳಿಚಿಕೊಂಡು ಸುಟ್ಟುಹೋಗುತ್ತದೆ.