ಸೆಂಟರ್ ಥೆರಪಿಯಾ, ಮನೆ ಥೆರಪಿಯಾ? ಎರಡೂ ಮಾಡಿ ನೋಡಿದೆವು

ನೇರವಾಗಿ ಹೇಳಿಬಿಡುತ್ತೇನೆ. ಮೂರು ವರ್ಷದ ನಮ್ಮ ಮಗನಿಗೆ ಆಟಿಸಂ ಇದೆ, ದಾವಣಗೆರೆಯಲ್ಲೇ ಎರಡೂ ಥರ ನೋಡಿದ್ದೇವೆ, ಮಾತು-ಒಡನಾಟದ ಮಟ್ಟಿಗೆ ನನ್ನ ವೋಟು ಅಪ್ಪ-ಅಮ್ಮನೇ ಕಲಿತು ಮಾಡುವುದಕ್ಕೆ.

ಸೆಂಟರಿನಲ್ಲಿ ಮಗು ಒಳಗೆ, ನಾವು ಹೊರಗೆ ಕುರ್ಚಿಯಲ್ಲಿ. ಮುಗಿದ ಮೇಲೆ "ಇವತ್ತು ಚೆನ್ನಾಗಿ ಕೂತಿದ್ದ" ಅನ್ನುತ್ತಾರೆ, ಅಷ್ಟೇ. ಅಲ್ಲಿ ಕಾರ್ಡ್ ನೋಡಿ "ಬಾಳೆಹಣ್ಣು" ಅಂದವನು ಮನೆಯಲ್ಲಿ ನಿಜವಾದ ಹಣ್ಣು ಬೇಕಾದರೆ ಸುಮ್ನೆ ನನ್ನ ಕೈ ಹಿಡಿದು ಎಳೆಯುತ್ತಿದ್ದ.

ಮನೆ ಥೆರಪಿಯಲ್ಲಿ ನಾವು ಆಡಿಸುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಥೆರಪಿಸ್ಟ್ ಜೊತೆ ಕೂತು ನೋಡಬೇಕು. ಸರಿಹೋದ ತುಣುಕನ್ನೇ ಹುಡುಕಿ ನಿಲ್ಲಿಸಿ, "ಇಲ್ಲಿ ಅವನು ಯಾಕೆ ನಿಮ್ಮ ಕಡೆ ನೋಡಿದ?" ಅಂತ ಕೇಳುತ್ತಾರೆ. ಒಂದು ವಿಡಿಯೊದಲ್ಲಿ ಮಗ ಸ್ಟೀಲ್ ಲೋಟಕ್ಕೆ ಒಂದೊಂದೇ ಮಂಡಕ್ಕಿ ಹಾಕುತ್ತಿದ್ದ. ನನ್ನ ಹೆಂಡತಿ ಇದೇನು, ಅದೇನು ಅಂತ ಏನೂ ಕೇಳದೆ ತಾನೂ ಒಂದು ಹಾಕಿ "ಬಿತ್ತು" ಅಂದು ಕಾದಳು. ಅವನು ಇನ್ನೊಂದು ಹಾಕಿ ಅವಳ ಮುಖ ನೋಡಿದ. ವಿಡಿಯೊ ಇಲ್ಲದಿದ್ದರೆ ಅದು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ದಿನಾ ಅರ್ಧ ಗಂಟೆ ಇಂಥದ್ದೇ ಆಟ. ಗುಡಿಸುವ ಕೆಲಸ ಅಜ್ಜಿಗೆ ಜಾಸ್ತಿಯಾಗಿದೆ, ಬೈಗುಳ ನನಗೆ.

ಇದು ಬ್ರಿಟನ್ನಿನ 'ಪ್ಯಾಕ್ಟ್' ಪದ್ಧತಿಯ ದಾರಿ. ಅದನ್ನೇ ನಮ್ಮ ಕಡೆಗೆ ಹೊಂದಿಸಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆಸಿದ ಅಧ್ಯಯನ 2016ರಲ್ಲಿ ಬಂತು. ಅಲ್ಲಿ ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ನಮ್ಮಂಥ ಊರುಗಳಿಗೆ ಇದೇ ಮುಖ್ಯ ಅಲ್ವಾ? ಅಪ್ಪ-ಅಮ್ಮ ಮಗುವಿಗೆ ಸ್ಪಂದಿಸುವುದು ಹೆಚ್ಚಿತು, ಮಕ್ಕಳು ತಾವಾಗಿ ಒಡನಾಟ ಶುರುಮಾಡುವುದೂ ಹೆಚ್ಚಿತು. ಆದರೆ ಮಗು ಮತ್ತು ಅಪ್ಪ ಅಥವಾ ಅಮ್ಮ ಸೇರಿ ಒಂದೇ ಕಡೆ ಗಮನ ಇಡುವುದು ಕಡಿಮೆಯಾಗಿತ್ತು, ಹಾಗಾಗಿ ಮಂತ್ರದಂಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೆಂಟರ್ ಗೆಲ್ಲುವ ಜಾಗವೂ ಇದೆ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು, ಬ್ರಷ್ ಬಾಯಿಗೆ ಬಿಡದಿರುವುದು, ಇಂಥದ್ದಕ್ಕೆ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟೇ ಬೇಕು, ಮೊಬೈಲ್ ವಿಡಿಯೊ ಸಾಲದು. ಗಂಡ-ಹೆಂಡತಿ ಇಬ್ಬರೂ ರಾತ್ರಿವರೆಗೆ ದುಡಿಯುವ ಮನೆಯಲ್ಲಿ ಆ ದಿನದ ಅರ್ಧ ಗಂಟೆಯೂ ಸುಲಭವಲ್ಲ. ನಾವು ಅದಕ್ಕೇ ವಾರಕ್ಕೊಮ್ಮೆ ಸೆಂಟರ್ ಉಳಿಸಿಕೊಂಡಿದ್ದೇವೆ, ಬೇರೆ ಕಡೆ. ಅಲ್ಲಿ ಸೇರಿಸುವ ಮೊದಲು ಒಂದೇ ಪ್ರಶ್ನೆ ಕೇಳಿದೆ: "ನಾನೂ ಒಳಗೆ ಕೂರಬಹುದಾ?" ನೀವೂ ಕೇಳಿ. ಆಗಲ್ಲ ಅಂದರೆ ಮುಂದಿನ ಸೆಂಟರ್ ನೋಡಿ.