ಬಾಗಿಲು ಎರಡು, ಬಿಲ್ಲು ಎರಡು

ಚಿಕ್ಕಮಗಳೂರಿನಲ್ಲಿ ವೈನ್‌ಶಾಪ್ ಅಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಕಬ್ಬಿಣದ ಜಾಲರಿ, ಅದರಲ್ಲೊಂದು ಕೈ ತೂರುವಷ್ಟು ಕಿಂಡಿ, ಕಿಂಡಿಯ ಮುಂದೆ ಹತ್ತು ಗಂಡಸರ ಬೆನ್ನು. ಐವತ್ತೆರಡು ವರ್ಷ ಇದೇ ಜಿಲ್ಲೆಯಲ್ಲಿ ಬದುಕಿದ್ದೀನಿ. ಬೋರ್ಡಿನ ಮೇಲೆ ‘ವೈನ್ಸ್’ ಅಂತ ಬರೆದುಕೊಂಡ ಅಂಗಡಿಯಲ್ಲಿ ವೈನ್ ಇದೆಯೋ ಇಲ್ಲವೋ ಅಂತ ಒಂದು ದಿನವೂ ನಿಂತು ನೋಡಿರಲಿಲ್ಲ. ನಾನು ಜೀಪಿನಲ್ಲಿ ಕೂತಿರುತ್ತಿದ್ದೆ, ನಮ್ಮನೆಯವರು ಪೇಪರ್ ಸುತ್ತಿದ ಬಾಟಲಿ ತರುತ್ತಿದ್ದರು. ಯಾವುದು ತಂದರೋ ಅದೇ.

ವೈನ್, ಚೀಸ್ ಎರಡೂ ಮಾರುವ ಈ ಹೊಸ ಅಂಗಡಿಗೆ ಹೋಗುವ ಹಾಗಾಗಿದ್ದು ಚೀಸ್‌ನಿಂದ. ಆಲ್ದೂರಿನ ಹತ್ತಿರ ನಮ್ಮದು ಮೂರು ರೂಮಿನ ಹೋಂಸ್ಟೇ. ಮದ್ಯ ನಾವು ಕೊಡುವುದಿಲ್ಲ, ಅದಕ್ಕೆ ಲೈಸೆನ್ಸ್ ಇಲ್ಲ. ಆದರೆ ಬೆಂಗಳೂರಿನ ಹುಡುಗ ಹುಡುಗಿಯರು ಬಾಟಲಿ ತಾವೇ ತಂದು, ನೆಂಚಿಕೊಳ್ಳೋಕೆ ‘ಚೀಸ್ ಪ್ಲ್ಯಾಟರ್ ಇದೆಯಾ’ ಅಂತ ಕೇಳುತ್ತಾರೆ, ಅಂದರೆ ಬಗೆಬಗೆಯ ಚೀಸ್ ಜೋಡಿಸಿದ ತಟ್ಟೆ. ಒಂದು ಸಲ ಸ್ಲೈಸ್ ಚೀಸನ್ನು ತ್ರಿಕೋನವಾಗಿ ಕತ್ತರಿಸಿ ಕೊಟ್ಟೆ. ಆ ಹುಡುಗಿ ನಕ್ಕಿದ್ದು ಈಗಲೂ ನೆನಪಿದೆ.

ಅಂಗಡಿ ಇರುವುದು ಎಂ.ಜಿ. ರಸ್ತೆಯಿಂದ ಎರಡು ತಿರುವು ಒಳಗೆ. ಹೆಸರು ಬರೆಯುವುದಿಲ್ಲ, ಮುಂದೆ ಬೈಯುವುದೂ ಇದೆ, ಊರು ಸಣ್ಣದು. ಒಬ್ಬನೇ ಮಾಲೀಕ, ಬಾಗಿಲು ಎರಡು. ಎಡಗಡೆ ಬಾಟಲಿ, ಬಲಗಡೆ ಚೀಸ್. ಬಿಲ್ಲೂ ಎರಡು. ಮದ್ಯ ಜಿಎಸ್‌ಟಿಯ ಆಚೆ, ಚೀಸ್ ಜಿಎಸ್‌ಟಿಯ ಒಳಗೆ. ಬಲಗಡೆ ದುಡ್ಡು ಕೊಟ್ಟು ಹೊರಗೆ ಬಂದು, ಮೆಟ್ಟಿಲಿಳಿದು, ಮತ್ತೆ ಎಡಗಡೆ ಹತ್ತಬೇಕು. ಮಳೆಗಾಲದಲ್ಲಿ ಆ ನಾಲ್ಕು ಹೆಜ್ಜೆಗೂ ಕೊಡೆ ಬಿಚ್ಚಬೇಕು. ಇನ್ನೊಂದು ವಿಚಿತ್ರ ಅಂದರೆ, ಚೀಸ್ ಆದರೆ ತುಂಡು ತಿಂದು ನೋಡಿ ತಗೊಳ್ಳಬಹುದು, ವೈನಿನ ರುಚಿ ನೋಡುವ ಹಾಗಿಲ್ಲ. ಪಾರ್ಸೆಲ್ ಅಂಗಡಿಯ ಲೈಸೆನ್ಸಿನಲ್ಲಿ ಒಳಗೆ ಕುಡಿಯಲು ಬಿಡುವುದಿಲ್ಲ. ತಪ್ಪು ಅಂಗಡಿಯವರದಲ್ಲ.

ಚೀಸ್ ಕಡೆ ಇರುವ ಹುಡುಗನಿಗೆ ಇಪ್ಪತ್ತೈದು ಇರಬಹುದು. ಮೊದಲು ‘ಆಂಟಿ’ ಅಂದ, ನನ್ನ ಮುಖ ನೋಡಿ ‘ಅಕ್ಕ’ ಅಂತ ತಿದ್ದಿಕೊಂಡ. ಅಲ್ಲಿಂದ ನಮ್ಮಿಬ್ಬರ ವ್ಯವಹಾರ ಚೆನ್ನಾಗಿದೆ. ಅವನ ಫ್ರಿಜ್‌ನಲ್ಲಿ ಕೊಡೈಕೆನಾಲ್, ಆರೋವಿಲ್, ಬೆಂಗಳೂರು ಮೂರೂ ಕಡೆಯ ಮಾಲು ಇದೆ, ಮೇಲಿನ ತಟ್ಟೆಯಲ್ಲಿ ಒಂದಷ್ಟು ಫಾರಿನ್. ನೂರು ಗ್ರಾಂ ಬೇಕಂದರೂ ಮುಖ ಸಿಂಡರಿಸದೆ ಕತ್ತರಿಸಿ, ಮೇಣದ ಕಾಗದದಲ್ಲಿ ಸುತ್ತಿ, ಕತ್ತರಿಸಿದ ತಾರೀಕು ಬರೆದು ಕೊಡುತ್ತಾನೆ. ತಿನ್ನುವ ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ಆಚೆ ಇಡಿ, ತಣ್ಣಗಿದ್ದರೆ ರುಚಿ ಗೊತ್ತಾಗಲ್ಲ ಅಂದವನೂ ಅವನೇ. ಒಂದು ಮಾತು ಹೇಳಲು ಮರೆತ. ಗೌಡಾ ಅನ್ನುವ ಗಟ್ಟಿ ಚೀಸ್ ಮೇಲಿನ ಕೆಂಪು ಮೇಣ ತಿನ್ನಬಾರದು, ಬ್ರೀ ಅನ್ನುವ ಮೆತ್ತನೆಯ ಚೀಸ್ ಮೇಲಿನ ಬಿಳಿ ಬೂಸ್ಟು ತಿನ್ನಬಹುದು. ಮನೆಯಲ್ಲಿ ಆದದ್ದು ತಿರುಗುಮುರುಗು. ನಾನು ಬ್ರೀಯ ಬೂಸ್ಟನ್ನೆಲ್ಲ ಹೆರೆದು ಬಿಸಾಕಿದೆ, ನಮ್ಮನೆಯವರು ಗೌಡಾವನ್ನು ಮೇಣ ಸಮೇತ ಅಗಿದು ‘ಸ್ವಲ್ಪ ಜಿಗುಟು’ ಅಂದರು.

ಅತ್ತೆಗೆ ಇದೇನು ಅಂತ ಅರ್ಥ ಮಾಡಿಸುವುದು ಇನ್ನೊಂದು ಕಥೆ. ಡಿಕ್ಷನರಿ ನೋಡಿದರೆ ಚೀಸ್‌ಗೆ ‘ಗಿಣ್ಣು’ ಅಂತಿದೆ. ಹಾಗೇ ಹೇಳಿದೆ. ಅವರು ಸಂತೋಷದಿಂದ ಬಾಯಿಗೆ ಹಾಕಿಕೊಂಡು, ‘ಯಾವ ಹಸು ಕರು ಹಾಕಿತು? ಬೆಲ್ಲ ಏಲಕ್ಕಿ ಏನೂ ಹಾಕಿಲ್ವಲ್ಲೇ’ ಅಂತ ಉಗಿದರು. ಹಾಲು ಹೆಪ್ಪಾಗಿಸಿ, ನೀರು ಬಸಿದು, ತಿಂಗಳುಗಟ್ಟಲೆ ಇಟ್ಟದ್ದು ಅಂತ ಬಿಡಿಸಿ ಹೇಳಿದೆ. ‘ಹೆಪ್ಪಿಗೆ ಏನು ಹಾಕ್ತಾರೆ?’ ಅಂದರು. ಎಂಬತ್ತು ದಾಟಿದವರ ಪ್ರಶ್ನೆ, ನನ್ನ ಹತ್ತಿರ ಉತ್ತರವಿಲ್ಲ. ಮುಂದಿನ ವಾರ ಹುಡುಗನನ್ನು ಕೇಳಿದೆ. ಇಲ್ಲಿಯದಕ್ಕೆಲ್ಲ ಸೂಕ್ಷ್ಮಜೀವಿಯಿಂದ ತೆಗೆದ ರೆನೆಟ್ ಹಾಕುತ್ತಾರೆ ಅಂತ ಪ್ಯಾಕೆಟ್ಟಿನ ಹಸಿರು ಚುಕ್ಕೆ ತೋರಿಸಿದ. ಮೇಲಿನ ತಟ್ಟೆಯಲ್ಲಿದ್ದ ಇಟಲಿಯ ಪಾರ್ಮಿಜಾನೊ ಮಾತ್ರ ಕರುವಿನ ಹೊಟ್ಟೆಯ ರೆನೆಟ್ಟಿನದು, ‘ಅಜ್ಜಿಗೆ ಅದು ಬೇಡ ಅಕ್ಕ’ ಅಂದ. ನಾನು ಕೇಳದಿದ್ದರೆ ಹೇಳುತ್ತಿದ್ದನೋ ಇಲ್ಲವೋ. ಸಸ್ಯಾಹಾರಿಗಳು ಇಷ್ಟಿರುವ ಊರಿನಲ್ಲಿ ಇದನ್ನು ತಟ್ಟೆಯ ಮುಂದೆಯೇ ಬರೆದಿಡಬೇಕು.

ಈಗ ನಮ್ಮ ಪ್ಲ್ಯಾಟರ್‌ನಲ್ಲಿ ಹಳೇ ಚೆಡ್ಡರ್ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ, ಗೌಡಾ ಜೊತೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ನೀಲಿ ಗೆರೆಯ ಚೀಸ್ ಮೇಲೆ ನಮ್ಮ ತೋಟದ ಜೇನು. ಬ್ರೀ ಇದ್ದರೆ ಬಿಸಿ ಅಕ್ಕಿರೊಟ್ಟಿ ಮೇಲೆ ಸವರಿ ಕೊಡುತ್ತೇನೆ. ಅದು ಮುಗಿದ ಮೇಲೆ ಕೋಳಿ ಸಾರು ಯಾರೂ ಕೇಳುವುದಿಲ್ಲ.

ಎಡಗಡೆ ಬಾಗಿಲಿನ ಮಾತಿಗೆ ಬರುತ್ತೇನೆ. ಜಾಲರಿ ಇಲ್ಲ, ಒಳಗೆ ಹೋಗಿ ಬಾಟಲಿ ಕೈಗೆ ತಗೊಂಡು ಲೇಬಲ್ ಓದಬಹುದು. ಇದಿಷ್ಟಕ್ಕೇ ನಾನು ಮತ್ತೆ ಮತ್ತೆ ಹೋಗಿದ್ದೀನಿ. ಆದರೆ ಅಲ್ಲಿ ಕೂರುವ ಹಿರಿಯರಿಗೆ ನಾನು ಕಾಣಿಸುವುದಿಲ್ಲ. ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದ ವಾರ ರೆಡ್ ವೈನ್ ಕೇಳಿದೆ, ತುಂಬಾ ಒಗರು ಬೇಡ ಅಂತಲೂ ಹೇಳಿದೆ. ಕೇಳಿದ್ದು ನಾನು, ಉತ್ತರ ಬಂದದ್ದು ನಮ್ಮನೆಯವರಿಗೆ: ‘ಸಾರ್, ಮೇಡಮ್ಮಿಗೆ ಸ್ವೀಟ್ ಕೊಡ್ತೀನಿ.’ ಸ್ವೀಟ್ ಅಂತ ಯಾರು ಕೇಳಿದ್ದರು? ಮನೆಯಲ್ಲಿ ನಾನೇ ನೆಲ್ಲಿಕಾಯಿ ವೈನ್ ಭರಣಿಯಲ್ಲಿ ಹಾಕುವವಳು, ಸಿಹಿ ಎಷ್ಟು ಒಗರು ಎಷ್ಟು ಅಂತ ನನಗೆ ಗೊತ್ತಿಲ್ಲವೇ? ಕಡೆಗೆ ನಂದಿಬೆಟ್ಟದ ಕಡೆಯ ದ್ರಾಕ್ಷಿಯದೊಂದು ನಾನೇ ಆರಿಸಿಕೊಂಡೆ. ತಿರುಗಿಸುವ ಮುಚ್ಚಳದ್ದು, ಮನೆಯಲ್ಲಿ ಕಾರ್ಕ್ ತೆಗೆಯುವ ಸಾಮಾನಿಲ್ಲ. ಚೆನ್ನಾಗಿತ್ತು. ಕಾರ್ಕಿನ ಬಾಟಲಿಗಳನ್ನು ಅವರು ಬಿಸಿ ಲೈಟಿನ ಕೆಳಗೆ ನೆಟ್ಟಗೆ ನಿಲ್ಲಿಸಿಟ್ಟಿದ್ದಾರೆ. ಮಲಗಿಸಿಟ್ಟರೆ ಕಾರ್ಕ್ ಒಣಗುವುದಿಲ್ಲ ಅಂತ ಹೇಳಬೇಕು ಅನ್ನಿಸಿತು, ಯಾರಿಗೆ ಹೇಳುವುದು?

ವಿಸ್ಕಿಯ ವಿಷಯದಲ್ಲಿ ಮಾತ್ರ ಆ ಹಿರಿಯರು ಪಂಡಿತರು, ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಇಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಅಂತ ಅವರೇ ಹೇಳಿದ್ದು. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನ ಸೆಕೆಗೆ ಶೇ 10ರಿಂದ 12 ಹೋಗುತ್ತದಂತೆ. ಅದಕ್ಕೇ ಇಲ್ಲಿ ಬೇಗ ಮಾಗುತ್ತದೆ, ಅದಕ್ಕೇ ರೇಟು. ಕಣದಲ್ಲಿ ಹರವಿದ ಕಾಫಿ ದಿನದಿನಕ್ಕೆ ತೂಕ ಕಳೆದುಕೊಳ್ಳುವುದನ್ನು ನೋಡಿದ ನಮ್ಮನೆಯವರಿಗೆ ಕರುಳು ಚುರುಕ್ ಅಂದಿರಬೇಕು, ಮರುಮಾತಿಲ್ಲದೆ ಒಂದು ಬಾಟಲಿ ತಗೊಂಡರು.

ಜುಲೈನಲ್ಲಿ ಒಂದು ಕೆಟ್ಟ ಅನುಭವ. ಮೂರು ದಿನ ಬಿಡದ ಮಳೆ, ಪೇಟೆಯಲ್ಲೂ ಕರೆಂಟಿಲ್ಲ. ಶುಕ್ರವಾರ ತಂದ ಬ್ರೀಯನ್ನು ಶನಿವಾರ ಅತಿಥಿಗಳ ಮುಂದೆ ಬಿಚ್ಚಿದರೆ ಕಣ್ಣಿಗೆ ಹೊಡೆಯುವ ಅಮೋನಿಯಾ ವಾಸನೆ. ಬ್ರೀಯಲ್ಲಿ ಅದು ಒಂಚೂರು ಇದ್ದರೆ ಗಾಳಿಗಿಟ್ಟಾಗ ಹೋಗುತ್ತದೆ. ಇದು ಒಂದು ಗಂಟೆಯಾದರೂ ಹೋಗಲಿಲ್ಲ. ಸೋಮವಾರ ಡಬ್ಬಿ ಸಮೇತ ಹೋದೆ. ಹುಡುಗ ರಜೆ. ಹಿರಿಯರು ದೂರದಿಂದಲೇ, ‘ಅದು ಫಾರಿನ್ ವಾಸನೆ ಮೇಡಂ, ನಿಮಗೆ ಅಭ್ಯಾಸವಿಲ್ಲ’ ಅಂದರು. ಅದು ಬೆಂಗಳೂರಿನ ಬ್ರೀ. ಲೇಬಲ್ ತೋರಿಸಿದೆ, ಅದನ್ನೂ ನಮ್ಮನೆಯವರ ಕೈಯಿಂದ ತಗೊಂಡು ಓದಿದರು. ಬುಧವಾರ ಹುಡುಗ ತಾನೇ ಫೋನ್ ಮಾಡಿ, ಜನರೇಟರ್ ಚೀಸ್ ಕಡೆಗೆ ಎಳೆದಿಲ್ಲ, ಫ್ರಿಜ್ ರಾತ್ರಿಯಿಡೀ ಆಫ್ ಆಗಿತ್ತು ಅಂತ ಒಪ್ಪಿಕೊಂಡ. ದುಡ್ಡು ವಾಪಸ್ಸಿಲ್ಲ, 420 ರೂಪಾಯಿಗೆ ಬೇರೆ ಚೀಸ್ ಕೊಟ್ಟ. ಅತಿಥಿಗಳ ಮುಂದೆ ಹೋದ ಮಾನಕ್ಕೆ ಬಿಲ್ಲಿಲ್ಲ ಬಿಡಿ.

ಈಗ ಜನರೇಟರ್ ಲೈನ್ ಬಲಗಡೆಗೂ ಎಳೆದಿದ್ದಾರೆ, ಕಣ್ಣಾರೆ ನೋಡಿದೆ. ಆದರೂ ಮಳೆಗಾಲದಲ್ಲಿ ಬ್ರೀಯಂಥ ಮೆತ್ತನೆಯದನ್ನು ನಾನು ತಗೊಳ್ಳುವುದಿಲ್ಲ, ಚೆಡ್ಡರ್ ಗೌಡಾ ಸಾಕು. ಬಲಗಡೆ ಬಾಗಿಲಿಗೆ ನಾಲ್ಕು ಸ್ಟಾರ್, ಎಡಗಡೆಗೆ ಎರಡು. ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವ ಗಾಡಿಗಳ ಮಧ್ಯೆ ಜೀಪು ನಿಲ್ಲಿಸಲು ಜಾಗ ಸಿಗಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಹುಡುಗನೂ ಇರುತ್ತಾನೆ, ಹೊಸ ಮಾಲೂ ಬಂದಿರುತ್ತದೆ.